ಗೆರೆಯಿಲ್ಲದ ಹೆಬ್ಬೆರಳು

"ಇನ್ನೂ ಸ್ವಲ್ಪ ಎಡಕ್ಕೆ ಹಿಡಿ ಅಣ್ಣ. ಟಾರ್ಚು ನನ್ನ ಕಣ್ಣಿಗೆ ಬೇಡ, ಕಲ್ಲಿನ ಬುಡಕ್ಕೆ."

"ಹಿಡಿದಿದ್ದೀನಿ ತಾಯಿ. ಕೈ ನಡುಗಿದ್ರೆ ಅದು ನನ್ನ ತಪ್ಪಲ್ಲ, ಎಪ್ಪತ್ತೊಂದು ವರ್ಷದ ತಪ್ಪು."

ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯಾದ ಐವತ್ತೆಂಟರ ಹೆಂಗಸು, ಸಮುದ್ರದಂಚಿನ ಗುಡ್ಡದ ಮೇಲಿನ ಐದು ಸಾವಿರ ವರ್ಷ ಹಳೆಯ ಗುಡಿಯ ನೆಲದ ಮೇಲೆ ಬೋರಲು ಮಲಗಿ, ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿಯೊಂದನ್ನು ಕಲ್ಲಿನ ಸಂದಿಗೆ ತೂರಿಸುತ್ತಿದ್ದಳು. ಇಲಾಖೆಯಲ್ಲಿ ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟವರು ಈಗ ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೊರಗೆ ಬೆಳಗಿನ ಪ್ರವಾಸಿಗಳು ಆಗಲೇ ಹಗ್ಗದಾಚೆ ಸಾಲುಗಟ್ಟಿ ನಿಂತು ಕತ್ತು ಚಾಚುತ್ತಿದ್ದರು.

ಟಾರ್ಚು ಹಿಡಿದಿದ್ದವನು ಬೀಗದಣ್ಣ, ಈ ಕಲ್ಲುಗುಡಿಗಳ ಕಾವಲುಗಾರ. ನಿವೃತ್ತಿಯ ವಯಸ್ಸು ದಾಟಿ ಹನ್ನೊಂದು ವರ್ಷವಾದರೂ ಬೀಗದ ಕೈ ಗೊಂಚಲು ಅವನ ಸೊಂಟ ಬಿಟ್ಟಿರಲಿಲ್ಲ. ಈಗ ಆ ಗೊಂಚಲೇ ಅವನ ಕುತ್ತಿಗೆಗೆ ಬಂದಿತ್ತು.

ಹೋದ ಗುರುವಾರ ಯಾರದೋ ನೀರಿನ ಬಾಟಲಿ ಉರುಳಿ, ಒಳಕೋಣೆಯ ಸುರುಳಿ ಕೆತ್ತನೆಯ ಕಲ್ಲಿನಿಂದ ಬಣ್ಣ ಕರಗಿ ಇಳಿದು, ಕಲ್ಲು ನಕಲಿ ಎಂದು ಬಯಲಾಗಿತ್ತು. ಒಳಕೋಣೆಯ ಬೀಗದ ಕೈ ಇದ್ದದ್ದು ಬೀಗದಣ್ಣನೊಬ್ಬನ ಹತ್ತಿರ. ಇವತ್ತು ಸಂಜೆ ಐದರೊಳಗೆ ಬೇರೆ ಯಾರದ್ದಾದರೂ ಹೆಸರು ಸಿಗದಿದ್ದರೆ ಮುದುಕನನ್ನು ಬಂಧಿಸುವುದಾಗಿ ಇನ್‌ಸ್ಪೆಕ್ಟರ್ ಹೇಳಿದ್ದ. ಭೂತಗನ್ನಡಿಯ ಕೈಕೆಳಗೇ ಬೆರಳಚ್ಚು ಓದುವುದನ್ನು ಕಲಿತ ಹುಡುಗ ಅವನು. ಅಷ್ಟು ಸಮಯ ಕೊಟ್ಟದ್ದೂ ಅವಳ ಮುಖ ನೋಡಿಯೇ.

"ಅಣ್ಣ, ಈ ಹಿಂಬದಿಯಲ್ಲಿ ಗಾರೆ ಉದುರಿದೆ. ಏನೋ ದುಂಡಗೆ ಕಾಣ್ತಿದೆ."

ಟಾರ್ಚಿನ ಬೆಳಕು ತಟ್ಟನೆ ಗೋಡೆಗೆ ಹೋಯಿತು.

"ಅಣ್ಣ!"

"ಬಂತು, ಬಂತು. ಸೊಂಟ ಹಿಡ್ಕೊಂಡಿತು."

ಅವಳು ಬಾಗಿದ ತಂತಿಯನ್ನು ಸಂದಿಗೆ ಹಾಕಿ ಮೆಲ್ಲಗೆ ಎಳೆದಳು. ಎರಡು ಬೆರಳಗಲದ ಸುಟ್ಟ ಮಣ್ಣಿನ ಬಿಲ್ಲೆಯೊಂದು ಉರುಳಿ ಬಂದು ಅವಳ ಮೂಗಿನ ಮುಂದೆ ಬಿತ್ತು. ಒಂದು ಬದಿಯಲ್ಲಿ ಇಸವಿ ಕೊರೆದಿತ್ತು, ಈ ವರ್ಷದ್ದೇ. ಇನ್ನೊಂದು ಬದಿಯಲ್ಲಿ ಹೆಬ್ಬೆರಳು ಒತ್ತಿದ ಗುಳಿ.

ಅದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗುಡ್ಡದ ಬುಡದಲ್ಲಿರುವ ದುರಸ್ತಿ ಕಾರ್ಯಾಗಾರದ ಪದ್ಧತಿ ಅದು. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಿದಾಗಲೋ, ಒಡೆದದ್ದಕ್ಕೆ ಹೊಸ ತುಂಡು ಕೂರಿಸಿದಾಗಲೋ, ಅದರ ಅಡಿಯಲ್ಲಿ ಬಿಲ್ಲೆ ಇಡಬೇಕು. ಕಲ್ಲಿಗೆ ಕೈ ಹಾಕಿದವರು ಹಸಿ ಮಣ್ಣಿನ ಮೇಲೆ ತಮ್ಮ ಹೆಬ್ಬೆರಳು ಒತ್ತಬೇಕು. ಮುಂದೆ ಯಾವ ಕಾಲದಲ್ಲಾದರೂ ಅಗೆದವರಿಗೆ, ಇದು ಹಳಬರ ಕೆಲಸವಲ್ಲ, ಆಮೇಲೆ ಬಂದ ನಮ್ಮಂಥವರದ್ದು ಎಂದು ಗೊತ್ತಾಗಲಿ ಅಂತ.

ಕದ್ದವನು ನಕಲಿ ಕಲ್ಲಿನ ಕೆಳಗೂ ಬಿಲ್ಲೆ ಇಟ್ಟಿದ್ದಾನೆ! ಇಂಥ ಕಳ್ಳನನ್ನು ಅವಳು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ.

ಅವಳು ಕಿಸೆಯಿಂದ ಮಸೂರ ತೆಗೆದು ಗುಳಿಯನ್ನು ನೋಡಿದಳು. ಒಮ್ಮೆ ಉಸಿರು ಬಿಟ್ಟು ಒರೆಸಿ ಮತ್ತೆ ನೋಡಿದಳು. ಗುಳಿ ನುಣ್ಣಗಿತ್ತು. ಸುರುಳಿಯಿಲ್ಲ, ಕಮಾನಿಲ್ಲ, ಒಂದು ಗೆರೆಯೂ ಇಲ್ಲ.

"ಕೈಗವಸು ಹಾಕಿದ್ನೋ ಏನೋ," ಅಂದ ಬೀಗದಣ್ಣ, ಅವಸರದಲ್ಲಿ.

"ಕೈಗವಸಿಗೆ ನೇಯ್ಗೆ ಇರುತ್ತೆ, ಹೊಲಿಗೆ ಇರುತ್ತೆ. ಇದು ಬರಿಗೈಯೇ."

ಬರಿಗೈ, ಆದರೆ ಗೆರೆ ಸವೆದ ಕೈ. ಅಂಥ ಕೈ ಯಾರಿಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಲವತ್ತು, ಐವತ್ತು ವರ್ಷ ಹಸಿ ಸುಣ್ಣ ಕಲಸಿದವರಿಗೆ. ಹಾಗೆ ಕಲಸಿದವರು ಈ ಸುತ್ತಮುತ್ತ ಒಬ್ಬರೇ ಇದ್ದರು.

ಬೀಗದಣ್ಣ ಅವಳ ಕೈಹಿಡಿದು ಎಬ್ಬಿಸಿ, ಮೊಣಕಾಲಿನ ಧೂಳನ್ನು ತಾನೇ ಕೊಡವಿದ. "ಸಾಕು ಪುಟ್ಟಿ. ನನಗೋಸ್ಕರ ಇಷ್ಟು ಮಾಡಿದೆಯಲ್ಲ, ಅದೇ ದೊಡ್ಡದು. ಇನ್ನು ಮನೆಗೆ ಹೋಗು. ಈ ಕಲ್ಲುಗಳು ನನ್ನನ್ನ ಐವತ್ತು ವರ್ಷ ಸಾಕಿವೆ. ಆಮೇಲೆ ಏನಾದ್ರೂ ಆಗ್ಲಿ, ನನಗೇನೂ ಬೇಜಾರಿಲ್ಲ."

"ಬೇಜಾರು ನನಗಿದೆ ಅಣ್ಣ. ಐದು ಗಂಟೆಗೆ ನೀನು ಇಲ್ಲೇ ಇರ್ತೀಯ, ನಿನ್ನ ಕುರ್ಚಿ ಮೇಲೆ."

ಅವನು ಟಾರ್ಚು ಆರಿಸಿದ. ಒಂದೇ ಚಪ್ಪಡಿಯನ್ನು ಕೊರೆದು ಮಾಡಿದ ಬಾಗಿಲನ್ನು ಬಗ್ಗಿ ದಾಟುವಾಗ, ದಿನಾಲೂ ಮಾಡುವಂತೆ, ಹೆಬ್ಬೆರಳಿಗೆ ಅಡ್ಡಲಾಗಿ ಹಳೆಯ ಗಾಯದ ಗುರುತಿದ್ದ ಕೈಯಿಂದ ಕಲ್ಲಿನ ಕೆನ್ನೆ ತಟ್ಟಿದ. ಹೊರಗೆ ನಿಂತ ಪ್ರವಾಸಿಗಳಿಗೆ, "ನೀವು ಬಂದಿದ್ದು ಸಂತೋಷ, ನೆರಳಲ್ಲಿ ನಿಂತ್ಕೊಳ್ಳಿ," ಅಂದ. ಬಂಧನದ ಹೊತ್ತು ಗೊತ್ತಾಗಿರುವ ಮನುಷ್ಯನ ಮಾತು ಅದು ಎಂದು ಯಾರೂ ಹೇಳುವಂತಿರಲಿಲ್ಲ.

ಭೂತಗನ್ನಡಿ ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡಳು. ಸಾಕ್ಷ್ಯವನ್ನು ಹೀಗೆ ಎತ್ತಿ ಕಿಸೆಗಿಳಿಸಿದ ಎಷ್ಟು ಜನ ಕಿರಿಯರಿಗೆ ಅವಳು ಮುಖಕ್ಕೆ ಮಂಗಳಾರತಿ ಎತ್ತಿದ್ದಳೋ ಲೆಕ್ಕವಿಲ್ಲ. ಇನ್‌ಸ್ಪೆಕ್ಟರಿಗೆ ಹೇಳುವ ಮೊದಲು ಒಂದು ಮಾತು ಕೇಳಬೇಕಿತ್ತು, ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಇಳಿಜಾರಿನಲ್ಲಿ ಅವಳ ಎಡಗಾಲು ಎಂದಿನಂತೆ ಎಳೆಯಿತು.

ಹನ್ನೊಂದನೇ ವಯಸ್ಸಿನಲ್ಲಿ, ಶಾಲೆಯ ಮಕ್ಕಳ ಜೊತೆ ಇಲ್ಲಿಗೆ ಬಂದವಳು ಗುಡಿಯ ಹಿಂದಿನ ಹಳೆಯ ನೀರಿನ ಗುಂಡಿಗೆ ಜಾರಿ ಬಿದ್ದಿದ್ದಳು. ಬಿದ್ದದ್ದು ಸಾಲದೆಂದು ಮೇಲಿನ ಕಲ್ಲೊಂದು ಉರುಳಿ ಕಾಲಿನ ಮೇಲೆ ಕೂತಿತ್ತು. ಆಗ ಕೆಲಸಕ್ಕೆ ಸೇರಿ ವರ್ಷವಾಗಿದ್ದ ಬೀಗದಣ್ಣ ಗುಂಡಿಗಿಳಿದು, ನಾಲ್ಕು ಗಂಟೆ ಅವಳ ಕೈ ಹಿಡಿದು ಕೂತ. ತಲೆಬುಡವಿಲ್ಲದ ಕಥೆಗಳನ್ನೆಲ್ಲ ಹೇಳಿ ನಗಿಸಿದ.

ಕಲ್ಲನ್ನು ಎತ್ತಿದವಳು ಕಾರ್ಯಾಗಾರದಲ್ಲಿ ಆಗಲೇ ಸುಣ್ಣ ಕಲಸುತ್ತಿದ್ದ ಸುಣ್ಣದಕ್ಕ. ಹಾರೆ ಹಾಕಿ ಮೀಟಲು ಹೊರಟ ಗಂಡಸರನ್ನೆಲ್ಲ ಆಚೆ ನಿಲ್ಲಿಸಿ, ಮರದ ಬೆಣೆಗಳನ್ನು ಒಂದೊಂದಾಗಿ ಹೊಡೆದು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತಿದಳು. ಕಾಲು ಉಳಿಯಿತು. ಎಳೆಯುವುದಕ್ಕಾದರೂ ಒಂದು ಕಾಲಿದೆಯಲ್ಲ ಎಂದು ಭೂತಗನ್ನಡಿ ಮೆಟ್ಟಿಲು ಹತ್ತುವಾಗೆಲ್ಲ ಅಂದುಕೊಳ್ಳುತ್ತಾಳೆ. ಆ ಇಬ್ಬರ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ ಎಂದು ಅವಳಿಗೆ ಗೊತ್ತು.

ಕಿಸೆಯಲ್ಲಿದ್ದ ಬಿಲ್ಲೆ ಒಬ್ಬರನ್ನು ಬಿಡಿಸುತ್ತಿತ್ತು. ಬಿಡಿಸುವುದಕ್ಕೆ ಇನ್ನೊಬ್ಬರನ್ನು ಕೇಳುತ್ತಿತ್ತು.

*

ಕಾರ್ಯಾಗಾರ ಎಂದರೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಒಳಗೆ ಸುಣ್ಣ ನೆನೆಹಾಕಿದ ತೊಟ್ಟಿಗಳು, ಗೋಡೆಗೆ ಗಾತ್ರದ ಪ್ರಕಾರ ತೂಗುಹಾಕಿದ, ಗಾರೆ ಹಚ್ಚುವ ಕರಣೆಗಳು, ಅಟ್ಟದವರೆಗೆ ಜರಡಿಗಳು. ಎಪ್ಪತ್ತಾರರ ಸುಣ್ಣದಕ್ಕ ನಡುವಿನ ಮೇಜಿನ ಪಕ್ಕ ನಿಂತು ಮರಳು ಜರಡಿ ಹಿಡಿಯುತ್ತಿದ್ದಳು.

"ಬಾ ಪುಟ್ಟಿ. ಕಾಲು ಒರೆಸ್ಕೊಂಡು ಬಾ. ಹೊರಗಿನ ಮಣ್ಣು ನನ್ನ ಮರಳಿಗೆ ಬೀಳಬಾರದು."

"ಅಕ್ಕ, ಒಂದು ಉಂಡೆ ಹಸಿ ಮಣ್ಣು ಇದ್ರೆ ಕೊಡು."

"ಯಾಕೆ, ಈ ವಯಸ್ಸಲ್ಲಿ ಬೊಂಬೆ ಮಾಡ್ತೀಯಾ?"

"ನಿನ್ನ ಹೆಬ್ಬೆರಳು ಒತ್ತಿ ಕೊಡು. ನೋಡಬೇಕು."

ಸುಣ್ಣದಕ್ಕ ನಕ್ಕುಬಿಟ್ಟಳು. "ಒತ್ತಿದ್ರೆ ತಾನೇ ಏನು ಬರುತ್ತೆ? ಮೊನ್ನೆ ಫೋನಂಗಡಿಯವನು ಬೆರಳಿಡಿ ಅಂದ. ಹತ್ತೂ ಬೆರಳು ಇಟ್ಟೆ. ಕೊನೆಗೆ ಅವನು, 'ಅಮ್ಮಾ, ಈ ಫೋನು ನಿಮ್ಮನ್ನ ಮನುಷ್ಯರು ಅಂತಾನೇ ಒಪ್ತಾ ಇಲ್ಲ' ಅಂದ."

ಭೂತಗನ್ನಡಿಗೆ ನಗು ಬರಲಿಲ್ಲ. ಅವಳು ಕರವಸ್ತ್ರವನ್ನು ಮೇಜಿನ ಮೇಲಿಟ್ಟು ಬಿಡಿಸಿದಳು.

ಜರಡಿ ನಿಂತಿತು. ಸುಣ್ಣದಕ್ಕ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಬಿಲ್ಲೆಯನ್ನೇ ನೋಡಿದಳು.

"ಕಣ್ಣು ಚೆನ್ನಾಗೇ ಇದೆ ನಿಂದು," ಅಂದಳು ಕೊನೆಗೆ.

"ಯಾಕಕ್ಕ ಇದನ್ನ ಇಟ್ಟೆ? ಇಡದೇ ಹೋಗಿದ್ರೆ ನಿನ್ನ ಹೆಸರು ಯಾರ ಬಾಯಲ್ಲೂ ಬರ್ತಿರಲಿಲ್ಲ."

"ಇಡದೆ ಹೇಗಿರ್ಲಿ? ಇನ್ನೂರು ವರ್ಷ ಆದ್ಮೇಲೆ ಯಾರೋ ಬಂದು ಅದನ್ನ ಎತ್ತಿ, ಹಳೇ ಕಲ್ಲೇ ಅಂದ್ಕೊಂಡು ದೊಡ್ಡ ಪುಸ್ತಕ ಬರೆದ್ರೆ? ಈ ಗುಡಿಗಳ ನಿರ್ದೇಶಕರಿಗೆ ಸುಳ್ಳು ಹೇಳ್ತೀನಿ, ಅವರಿಗೆ ಕಿವಿ ಇದ್ದೂ ಕೇಳಲ್ಲ. ಇನ್ನೂ ಹುಟ್ಟದೇ ಇರೋರಿಗೆ ನಾನು ಹೇಗೆ ಸುಳ್ಳು ಹೇಳ್ಲಿ?"

"ಅಸಲಿ ಕಲ್ಲು ಎಲ್ಲಿ?"

ಸುಣ್ಣದಕ್ಕ ಶೆಡ್ಡಿನ ಮೂಲೆಗೆ ಹೋದಳು. ಒದ್ದೆ ಗೋಣಿಚೀಲಗಳ ಗುಡ್ಡೆಯೊಂದರ ಅಂಚನ್ನು ಎರಡು ಬೆರಳಲ್ಲಿ ಎತ್ತಿದಳು, ಮಲಗಿದ ಮಗುವಿನ ಹೊದಿಕೆ ಸರಿಸಿದ ಹಾಗೆ. ಒಳಗೆ ಜೇನು ಬಣ್ಣದ ಕಲ್ಲು. ಅದರ ಮೇಲೆ ಒಂದರೊಳಗೊಂದು ಸುತ್ತಿಕೊಂಡ ಸುರುಳಿಗಳು, ಮತ್ತು ಸುರುಳಿಗಳ ನಡುವೆ ಬೆರಳು ಹೋಗುವಷ್ಟು ಅಗಲದ ಬಿರುಕುಗಳಿಗೆ ತುಂಬಿದ ಹಸಿ ಗಾರೆ.

ಭೂತಗನ್ನಡಿ ಬಗ್ಗಿ ನೋಡಿದಳು. ಕಲ್ಲು ಸಮುದ್ರ ದಾಟಿ ಯಾರದೋ ಶ್ರೀಮಂತರ ಪಡಸಾಲೆ ಸೇರಿದೆ ಎಂದೇ ಅವಳು ಈ ನಾಲ್ಕು ದಿನ ಅಂದುಕೊಂಡಿದ್ದಳು. ಅದು ಇಲ್ಲೇ, ತನ್ನ ಗುಡ್ಡದ ಬುಡದಲ್ಲೇ, ಕಾಯಿಲೆಯಲ್ಲಿ ಮಲಗಿತ್ತು.

"ದಿನಾ ಬೆಳಗ್ಗೆ ಕಲ್ಲಿನ ಕೆಳಗೆ ಒಂದು ಚಮಚ ಪುಡಿ ಬಿದ್ದಿರ್ತಿತ್ತು," ಸುಣ್ಣದಕ್ಕ ಹೇಳಿದಳು. "ಉಪ್ಪುಗಾಳಿ, ಜನರ ಉಸಿರು, ಮುಟ್ಟೋ ಕೈ. ಒಂದು ವರ್ಷ ಕೋಣೆ ಮುಚ್ಚಿ, ದುರಸ್ತಿ ಮಾಡ್ತೀನಿ ಅಂತ ನಿರ್ದೇಶಕರಿಗೆ ಆರು ಪತ್ರ ಬರೆದೆ. ಜನ ಬರೋದೇ ಸುರುಳಿ ನೋಡೋಕೆ, ಮುಚ್ಚೋಕಾಗಲ್ಲ ಅಂದ್ರು. ಅದಕ್ಕೆ ನಕಲು ಮಾಡಿ ಅಲ್ಲಿಟ್ಟೆ, ಅಸಲಿನ ಇಲ್ಲಿಗೆ ತಂದೆ. ಬಿದ್ದ ಪುಡಿನೇ ಸುಣ್ಣಕ್ಕೆ ಬೆರೆಸಿ ತುಂಬ್ತಿದ್ದೀನಿ. ಅದರದ್ದು ಅದಕ್ಕೇ ಹೋಗ್ಲಿ."

ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಜಾಡಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರಲ್ಲೂ ಹಳದಿ ಪುಡಿ, ಪ್ರತಿಯೊಂದಕ್ಕೂ ತಿಂಗಳ ಹೆಸರು ಬರೆದ ಚೀಟಿ.

"ಒಬ್ಬಳೇ ಮಾಡಿದೆಯಾ?"

"ಒಬ್ಬಳೇ."

"ಒಳಕೋಣೆಯ ಬೀಗ?"

"ಆ ಬೀಗ ಹಾಕಿಸಿದ್ದೇ ನಾನು. ಇನ್ನೊಂದು ಕೈ ನನ್ನ ಹತ್ತಿರಾನೇ ಉಳಿದಿತ್ತು."

"ಕಲ್ಲು ಒಂದು ಸಿಮೆಂಟು ಚೀಲದಷ್ಟು ಭಾರ ಇದೆಯಲ್ಲಕ್ಕ."

"ರಾಟೆ ಕಟ್ಟಿದೆ. ನಿನ್ನ ಕಾಲಿನ ಮೇಲಿದ್ದಿದ್ದು ಇದರ ಹತ್ತು ಪಾಲು ಇತ್ತು. ಆಗ ಯಾರೂ ಕೇಳ್ಲಿಲ್ಲ, ಹೇಗೆ ಎತ್ತಿದೆ ಅಂತ."

ಆ ಮಾತಿಗೆ ಭೂತಗನ್ನಡಿ ಸೋತಳು. ಬೇರೆ ಯಾರಾದರೂ ಆಗಿದ್ದರೆ ಅವಳು ಆ ಇನ್ನೊಂದು ಬೀಗದ ಕೈಯನ್ನು ತೋರಿಸು ಅನ್ನುತ್ತಿದ್ದಳು, ರಾಟೆ ಕಟ್ಟಿದ ಗುರುತು ಎಲ್ಲಿ ಅನ್ನುತ್ತಿದ್ದಳು. ಕೇಳಲಿಲ್ಲ. ಉಪಕಾರ ಮಾಡಿದವರ ಮುಂದೆ ಕೂತು ಪ್ರಶ್ನೆ ಕೇಳುವುದನ್ನು ಯಾವ ತರಬೇತಿಯಲ್ಲೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

"ಅಣ್ಣನ್ನ ಐದು ಗಂಟೆಗೆ ಕರ್ಕೊಂಡು ಹೋಗ್ತಾರೆ. ಗೊತ್ತಾ ನಿನಗೆ?"

ಸುಣ್ಣದಕ್ಕ ಗೋಣಿಚೀಲದ ಅಂಚನ್ನು ಕೈಬಿಟ್ಟಳು. "ಎರಡು ದಿನ ಕೂರಿಸಿ ಕೇಳಿ ಬಿಟ್ಟುಬಿಡ್ತಾರೆ ಅಂದ್ಕೊಂಡಿದ್ದೆ. ಇವತ್ತೇನಾ?"

"ಇವತ್ತೇ."

"ಗಾರೆ ಒಣಗೋಕೆ ಇನ್ನೂ ಒಂಬತ್ತು ದಿನ ಬೇಕು ಪುಟ್ಟಿ. ಈಗ ಎತ್ತಿ ಜೀಪಿಗೆ ಹಾಕಿ ಠಾಣೆಗೆ ಸಾಗಿಸಿದ್ರೆ, ಅಲ್ಲಿ ತಲುಪೋ ಹೊತ್ತಿಗೆ ಚೀಲ ತುಂಬ ಪುಡಿ ಇರುತ್ತೆ. ಒಂಬತ್ತು ದಿನ ಕೊಡು. ಹತ್ತನೇ ದಿನ ನಾನೇ ನಡ್ಕೊಂಡು ಹೋಗಿ ಹೇಳ್ತೀನಿ, ನಿನ್ನಾಣೆ."

"ಅಣ್ಣನಿಗೆ ಒಂಬತ್ತು ದಿನ ಇಲ್ಲ ಅಕ್ಕ. ಸಂಜೆವರೆಗಷ್ಟೇ ಇದೆ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಟಿಕೆಟ್ ಕೋಣೆಯ ನಂಬರು.

"ಪುಟ್ಟಿ, ನಾನು. ಅವಸರದಲ್ಲಿದ್ದೀನಿ, ಮಧ್ಯ ಮಾತಾಡ್ಬೇಡ. ಇನ್‌ಸ್ಪೆಕ್ಟರಿಗೆ ಆಗಲೇ ಹೇಳಿಬಿಟ್ಟೆ, ನಾನೇ ಮಾಡಿದ್ದು ಅಂತ. ಕಲ್ಲನ್ನ ಬಂಡೆ ಮೇಲಿಂದ ಸಮುದ್ರಕ್ಕೆ ಹಾಕಿದೆ ಅಂತಾನೂ ಹೇಳಿದೆ."

"ನಿನಗೇನು ತಲೆ ಕೆಟ್ಟಿದೆಯಾ ಅಣ್ಣ?"

"ಮಧ್ಯ ಮಾತಾಡ್ಬೇಡ ಅಂದೆ. ನೀನು ತಗೊಂಡು ಹೋದೆಯಲ್ಲ, ಅದನ್ನ ಸುಣ್ಣದ ತೊಟ್ಟಿಗೆ ಹಾಕು. ಎಲ್ಲಿದ್ದೀಯ ಅಂತ ನನಗೆ ಗೊತ್ತು. ವರ್ಷವರ್ಷ ಬಂದು ನಿನ್ನ ಋಣ ಹೇಗೆ ತೀರಿಸ್ಲಿ ಅಂತ ಕೇಳ್ತಿದ್ದೆಯಲ್ಲ. ನಾನು ಯಾವತ್ತಾದ್ರೂ ಏನಾದ್ರೂ ಕೇಳಿದ್ದೀನಾ?"

"ಇಲ್ಲ."

"ಇವತ್ತು ಕೇಳ್ತಿದ್ದೀನಿ. ನೀನು ಬಂದಿದ್ದು ಬಹಳ ಸಂತೋಷ ಆಯ್ತು ಪುಟ್ಟಿ."

ಫೋನು ಸತ್ತಿತು. ಭೂತಗನ್ನಡಿ ಸ್ಟೂಲಿನ ಮೇಲೆ ಕೂತಳು. ಮಾಡದ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡು ಮುದುಕ ಜೈಲಿಗೆ ಹೊರಟಿದ್ದ. ಸುಣ್ಣದಕ್ಕನಿಗಾಗಿ, ಆ ಕಲ್ಲಿಗಾಗಿ. ಇಷ್ಟು ಒಳ್ಳೆಯವನನ್ನು ಅವನ ಒಳ್ಳೆಯತನದಿಂದಲೇ ಬಿಡಿಸಬೇಕಾಗಿ ಬಂತಲ್ಲ ಎಂದು ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು.

"ಏನಂದ?" ಸುಣ್ಣದಕ್ಕ ಕೇಳಿದಳು.

ಅವಳು ಹೇಳಿದಳು. ಸುಣ್ಣದಕ್ಕ ಗೋಡೆಗೆ ತಗುಲಿಸಿದ್ದ ಶಾಲನ್ನು ತೆಗೆದು ಹೊದ್ದಳು. "ನಡಿ. ಕಲ್ಲು ಪುಡಿಯಾದ್ರೆ ಆಗ್ಲಿ. ಅದು ಐದು ಸಾವಿರ ವರ್ಷ ಇತ್ತು. ಅವನು ಇನ್ನೆಷ್ಟು ವರ್ಷ ಇರ್ತಾನೆ?"

ಮತ್ತೆ ಫೋನು. ಈ ಸಲ ಇನ್‌ಸ್ಪೆಕ್ಟರ್.

"ಮೇಡಂ, ನಿಮಗೆ ಬೇಸರ ಆಗೋ ಸುದ್ದಿ. ಮುದುಕರು ಒಪ್ಕೊಂಡ್ರು."

"ನಂಬಬೇಡಪ್ಪ. ಯಾರನ್ನೋ ಉಳಿಸೋಕೆ ಹೇಳ್ತಿದ್ದಾರೆ."

"ನಾನೂ ಹಾಗೇ ಅಂದ್ಕೊಂಡೆ. ಅದಕ್ಕೆ ಅವರೇ, 'ಕಲ್ಲು ಎತ್ತಿ ನೋಡಿ, ಅಡಿಯಲ್ಲಿ ನನ್ನ ಗುರುತಿದೆ' ಅಂದ್ರು. ಎತ್ತಿಸಿದೆ. ಗಾರೆ ಮಧ್ಯದಲ್ಲಿ ಮಣ್ಣಿನ ಬಿಲ್ಲೆ ಇತ್ತು ಮೇಡಂ. ಹೆಬ್ಬೆರಳಿನ ಗೆರೆಗಳು ನಿಚ್ಚಳವಾಗಿವೆ. ಅಡ್ಡಕ್ಕೆ ಹಳೇ ಗಾಯದ ಗುರುತೂ ಇದೆ. ನೀವು ಕಲಿಸಿದ ಹಾಗೇ ಅಲ್ಲೇ ಕೂತು ಅವರ ಬೆರಳಿಗೆ ಹೋಲಿಸಿದೆ. ಹದಿನಾಲ್ಕು ಗುರುತು ಹೊಂದಿಕೆಯಾದ್ವು."

ಆ ಗಾಯ ಯಾರ ಕೈಯಲ್ಲಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ತಲೆಯೆತ್ತಿ ಸುಣ್ಣದಕ್ಕನನ್ನು ನೋಡಿದಳು. ಸುಣ್ಣದಕ್ಕ ಕಣ್ಣು ತಪ್ಪಿಸಿದಳು. ಕಿಟಕಿಯ ಜಾಡಿಗಳ ಮೇಲಿನ ಚೀಟಿಗಳಲ್ಲಿ ತಿಂಗಳ ಹೆಸರು ಬರೆದ ಆ ಓರೆ ಅಕ್ಷರಗಳನ್ನು ಭೂತಗನ್ನಡಿ ಟಿಕೆಟ್ ಕೋಣೆಯಲ್ಲಿ ಬೀಗದಣ್ಣ ಬರೆದ ಫಲಕದ ಮೇಲೆ ನೂರು ಸಲ ಓದಿದ್ದಳು. ದಿನಾ ಬೆಳಗ್ಗೆ ಗುಡಿ ಗುಡಿಸುವ ಅವನನ್ನು ಬಿಟ್ಟರೆ ಆ ಪುಡಿಯನ್ನು ಬೇರೆ ಯಾರು ತಾನೇ ಕೂಡಿಡಲು ಸಾಧ್ಯವಿತ್ತು? ಎಲ್ಲ ಕಣ್ಣೆದುರಿಗೇ ಇತ್ತು. ಅವನು ನಿರಪರಾಧಿ ಎಂದು ಅವಳು ಮೊದಲೇ ತೀರ್ಮಾನಿಸಿಬಿಟ್ಟಿದ್ದಳು, ಯಾಕೆಂದರೆ ಅವನು ಒಂದು ದಿನ ನಾಲ್ಕು ಗಂಟೆ ಅವಳ ಕೈ ಬಿಡದೆ ಕೂತಿದ್ದ.

"ಮೇಡಂ, ಲೈನಲ್ಲಿದ್ದೀರಾ?"

"ಇದ್ದೀನಿ."

"ಒಂದೇ ಒಂದು ವಿಷಯ ಹೊಂದ್ತಾ ಇಲ್ಲ. ಆ ಬಿಲ್ಲೆ ಪಕ್ಕದಲ್ಲಿ, ಹಿಂಬದಿ ಅಂಚಿಗೆ, ಗಾರೆಯಲ್ಲಿ ಇನ್ನೊಂದು ದುಂಡನೆ ಗುಳಿ ಇದೆ. ಅಷ್ಟೇ ಅಗಲ. ಖಾಲಿ. ಅಂಚು ಇನ್ನೂ ಹೊಸದಾಗಿ ಒಡೆದ ಹಾಗಿದೆ. ಎಷ್ಟು ಜನ ಕಲ್ಲಿಟ್ರೋ ಅಷ್ಟು ಬಿಲ್ಲೆ ಇಡ್ತಾರಂತೆ, ಇಲ್ಲಿನ ಕೆಲಸದವರು ಹೇಳಿದ್ರು. ಅಂದ್ರೆ ಮುದುಕರ ಜೊತೆ ಇನ್ನೊಬ್ರು ಇದ್ರು. ಅವರ ಬಿಲ್ಲೆನ ಯಾರೋ ತೆಗೆದಿದ್ದಾರೆ. ಬೆಳಗ್ಗೆ ಅಲ್ಲಿ ಮಲಗಿ ನೋಡಿದವರು ನೀವೊಬ್ರೇ ಮೇಡಂ. ಕೇಳೋಕೆ ನನಗೇ ನಾಚಿಕೆ. ನಿಮಗೇನಾದ್ರೂ ಸಿಕ್ಕಿತ್ತಾ?"

ಬಿಲ್ಲೆ ಮೇಜಿನ ಮೇಲಿತ್ತು. ಅದನ್ನು ತೋರಿಸಿದರೆ ಬೀಗದಣ್ಣ ಬಿಡುಗಡೆಯಾಗುವುದಿಲ್ಲ, ಸುಣ್ಣದಕ್ಕನೂ ಅವನ ಜೊತೆ ಜೀಪು ಹತ್ತುತ್ತಾಳೆ, ಅಷ್ಟೇ. ಕಲ್ಲೂ ಹೋಗುತ್ತದೆ. ಮೂವತ್ತು ವರ್ಷ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಅವಳು ಒಂದೇ ಒಂದು ಸುಳ್ಳು ಹೇಳಿದವಳಲ್ಲ. ಈ ಹುಡುಗನಿಗೆ ಕೆಲಸ ಕಲಿಸುವಾಗ ಅದನ್ನೇ ಮೊದಲು ಕಲಿಸಿದ್ದಳು.

"ಇಲ್ಲಪ್ಪ," ಅಂದಳು. "ಏನೂ ಸಿಗಲಿಲ್ಲ."

"ಮೇಡಂ," ಅಂದ ಇನ್‌ಸ್ಪೆಕ್ಟರ್, ದನಿ ತಗ್ಗಿಸಿ, "ನಾನು ಕಾರ್ಯಾಗಾರದ ಹಿಂಬದಿ ಕಿಟಕಿ ಹೊರಗೆ ನಿಂತಿದ್ದೀನಿ. ನಿಮ್ಮ ಮುಂದಿನ ಮೇಜು ನನಗೆ ಕಾಣ್ತಿದೆ."